ಸರ್ರಾ: ಯಾರೂ ಸೀರಿಯಸ್ಸಾಗಿ ತಗೊಳ್ದೇ ಇದ್ದ ಕಾಯಿಲೆ

1880ರಲ್ಲಿ ಡೇರಾ ಇಸ್ಮಾಯಿಲ್ ಖಾನ್ ಕಡೆ, ಅಂದ್ರೆ ಈಗಿನ ಪಾಕಿಸ್ತಾನದಲ್ಲಿ, ಬ್ರಿಟಿಷ್ ಸೈನ್ಯದ ಕುದುರೆ ಒಂಟೆಗಳು ಸರ್ರಾ ಅನ್ನೋ ಕಾಯಿಲೆಯಿಂದ ಜ್ವರ ಬಂದು ಸೊರಗಿ ಸೊರಗಿ ಸಾಯ್ತಿದ್ವು, ಕಾರಣ ಏನು ಅಂತ ನೋಡೋಕೆ ಗ್ರಿಫಿತ್ ಇವಾನ್ಸ್ ಅನ್ನೋ ವೇಲ್ಸ್‌ನ ಪಶುವೈದ್ಯನನ್ನ ಕಳಿಸಿದ್ರು. ಮೈಕ್ರೋಸ್ಕೋಪಲ್ಲಿ ನೋಡಿದ್ರೆ ರಕ್ತದ ತುಂಬಾ ಹುಳದ ಥರ ಒದ್ದಾಡೋ ಜೀವಿ. ಆ ರಕ್ತಾನ ಆರೋಗ್ಯವಾಗಿದ್ದ ಪ್ರಾಣಿಗೆ ಕೊಟ್ರೆ ಅದಕ್ಕೂ ಕಾಯಿಲೆ. ಇನ್ನೇನು ಪ್ರೂಫ್ ಬೇಕಿತ್ತು?

ಮೇಲಿನೋರು ಒಪ್ಪಲಿಲ್ಲ. ಅದಕ್ಕೂ ಒಂದು ಕಾರಣ ಇತ್ತು ಅನ್ನಿ, ಎರಡು ವರ್ಷ ಮುಂಚೆ ಕಲ್ಕತ್ತಾದಲ್ಲಿ ಟಿಮತಿ ಲೂಯಿಸ್ ಇದೇ ಥರದ ಜೀವಿಗಳನ್ನ ಇಲಿ ರಕ್ತದಲ್ಲಿ ನೋಡಿದ್ದ, ಆ ಇಲಿಗಳು ಚೆನ್ನಾಗೇ ಇದ್ವು, ಹಾಗಾಗಿ ಇದೂ ನಿರುಪದ್ರವಿ ಅಂದ್ಬಿಟ್ರು. ಸಸ್ತನಿಗಳಿಗೆ ಟ್ರಿಪನೊಸೋಮ ಅನ್ನೋ ಈ ಒಂದೇ ಕೋಶದ ಪರಾವಲಂಬಿಯಿಂದ ಕಾಯಿಲೆ ಬರುತ್ತೆ ಅಂತ ಮೊದಲು ತೋರಿಸಿದವನ ಮಾತಿಗೆ ಸಿಕ್ಕಿದ್ದ ಬೆಲೆ ಅಷ್ಟೇ. ಆಮೇಲೆ ಆ ಜೀವಿಗೇ ಟ್ರಿಪನೊಸೋಮ ಇವಾನ್ಸಿ ಅಂತ ಹೆಸರಾಯ್ತು. ಇವಾನ್ಸ್ ನೂರು ವರ್ಷ ಬದುಕಿ 1935ರಲ್ಲಿ ತೀರಿಕೊಂಡ.

ಸರ್ರಾ ಹರಡೋದು ತೊಣಚಿ ನೊಣ. ಒಂದು ದನಕ್ಕೆ ಕಚ್ಚಿ ಓಡಿಸಿದ ತಕ್ಷಣ ಪಕ್ಕದ್ದಕ್ಕೆ ಕಚ್ಚುತ್ತಲ್ಲ, ಬಾಯಿಗೆ ಅಂಟಿದ್ದ ಹಸಿ ರಕ್ತ ಸಾಕು. ಆಫ್ರಿಕಾದ ನಿದ್ರೆಕಾಯಿಲೆ ಥರ ಇದಕ್ಕೆ ತ್ಸೆತ್ಸೆ ನೊಣಾನೇ ಬೇಕಿಲ್ಲ, ಹಾಗಾಗಿ ಏಷ್ಯಾ, ದಕ್ಷಿಣ ಅಮೆರಿಕ ಎಲ್ಲಾ ಕಡೆ ಹಬ್ಬಿದೆ. ವ್ಯಾಕ್ಸಿನ್ ಯಾಕಿಲ್ಲ ಅಂದ್ರೆ, ದೇಹ ಗುರುತು ಹಿಡಿಯೋಷ್ಟರಲ್ಲಿ ಇದು ತನ್ನ ಮೇಲಿನ ಪ್ರೋಟೀನ್ ಕೋಟ್ ಬದಲಾಯಿಸಿರುತ್ತೆ, ಮತ್ತೆ ಬದಲಾಯಿಸುತ್ತೆ, ಜ್ವರ ಬಿಟ್ಟು ಬಿಟ್ಟು ಬರೋದೂ ಇದಕ್ಕೇ.

ಕುದುರೆ, ಒಂಟೆ ಕಾಯಿಲೆ ಅಂದ್ಕೊಂಡು ಕೂತಿದ್ದವರಿಗೆ ಜುಲೈ 2000ದಲ್ಲಿ ಒಡಿಶಾದ ನಂದನಕಾನನ ಝೂ ಶಾಕ್ ಕೊಡ್ತು. ಹತ್ತಕ್ಕೂ ಹೆಚ್ಚು ಹುಲಿಗಳು ಸತ್ವು, ಹೆಚ್ಚಿನವು ಬಿಳಿ ಹುಲಿ, ದೇಶವೆಲ್ಲಾ ಸುದ್ದಿ. ಮನುಷ್ಯರಿಗಂತೂ ಬರಲ್ಲ ಅನ್ನೋ ಧೈರ್ಯ ಇತ್ತು, 2004ರಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಒಬ್ಬ ರೈತನಿಗೆ ಬಂತು! ನಮ್ಮನ್ನ ಕಾಪಾಡೋ ಎಪಿಒಎಲ್1 ಅನ್ನೋ ಪ್ರೋಟೀನ್ ಆತನ ರಕ್ತದಲ್ಲಿ ಕೆಲಸ ಮಾಡ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಸುರಾಮಿನ್ ಅನ್ನೋ ಔಷಧಿ ಕೊಟ್ಟು ಉಳಿಸಿದ್ರು.

ನನ್ನ ಪ್ರಕಾರ ನಿಜವಾದ ತಲೆನೋವು ಹಟ್ಟಿಯಲ್ಲೇ ಇದೆ. ಎಮ್ಮೆ, ಹಸುಗಳಲ್ಲಿ ಎಷ್ಟೋ ಸಲ ಏನೂ ಕಾಣಿಸಲ್ಲ, ಹಾಲು ಕಮ್ಮಿ ಆಗುತ್ತೆ, ತಿಂಗಳು ತುಂಬೋ ಮುಂಚೆ ಕಂದು ಹಾಕುತ್ತೆ, ಮೇವು ಸರಿಯಿಲ್ಲ ಅಂತ ಬೈಕೊಂಡು ಸುಮ್ಮನಾಗ್ತೀವಿ. ಅಂಥ ದನದಲ್ಲಿ ಪರಾವಲಂಬಿ ತುಂಬಾ ಕಮ್ಮಿ ಇರೋದ್ರಿಂದ ಸ್ಲೈಡಲ್ಲಿ ಸಿಗೋದೇ ಕಷ್ಟ, ರಕ್ತ ತಗೊಂಡು ಪಿಸಿಆರ್ ಇಲ್ಲಾ ಎಲೈಸಾ ಅನ್ನೋ ಲ್ಯಾಬ್ ಟೆಸ್ಟ್ ಮಾಡಿಸಬೇಕು.