ಅಷ್ಟು ದೂರದ ದ್ವೀಪಕ್ಕೇ ಏಕೆ ಹೋಗಬೇಕು?

ಪ್ರಶ್ನೆ: ಉಷ್ಣವಲಯದ ದ್ವೀಪಗಳಲ್ಲಿ ತಿಂಗಳುಗಟ್ಟಲೆ ಉಳಿದು ಹಕ್ಕಿ, ಹಾವು, ಕೀಟಗಳನ್ನು ಅಧ್ಯಯನ ಮಾಡುವ ಜೀವವಿಜ್ಞಾನಿಗಳ ಬಗ್ಗೆ ಓದಿದಾಗಲೆಲ್ಲ ಹೊಟ್ಟೆಕಿಚ್ಚಾಗುತ್ತದೆ. ಅವರ ಬದುಕು ನಿಜಕ್ಕೂ ಅಷ್ಟು ಸಾಹಸಮಯವೇ? ಕಾಡು, ಹಕ್ಕಿ ಎಲ್ಲ ಕಡೆಯೂ ಇರುವಾಗ ಇಷ್ಟು ಕಷ್ಟಪಟ್ಟು ದ್ವೀಪಕ್ಕೇ ಏಕೆ ಹೋಗುತ್ತಾರೆ?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಕ್ಕರೆ ಮೊದಲನೆಯದು ತಾನಾಗಿ ಬಿಡಿಸಿಕೊಳ್ಳುತ್ತದೆ. ಅವರು ದ್ವೀಪಕ್ಕೆ ಹೋಗುವುದು ಎಣಿಸುವುದಕ್ಕೆ.

ವಿಶಾಲವಾದ ಕಾಡೊಂದರಲ್ಲಿ ಹಕ್ಕಿಯ ಕಾಲಿಗೆ ಉಂಗುರ ತೊಡಿಸಿ ಹಾರಿಬಿಟ್ಟಿರಿ ಎಂದುಕೊಳ್ಳಿ. ಮರುವರ್ಷ ಅದು ಕಾಣಿಸಲಿಲ್ಲ. ಸತ್ತುಹೋಯಿತೇ, ಪಕ್ಕದ ಬೆಟ್ಟಕ್ಕೆ ಹೋಯಿತೇ, ಅಲ್ಲೇ ಯಾವುದೋ ಕೊಂಬೆಯ ಮರೆಯಲ್ಲಿ ಕುಳಿತು ನಿಮ್ಮನ್ನು ನೋಡುತ್ತಿದೆಯೇ? ಹೇಳುವಂತಿಲ್ಲ. ಪುಟ್ಟ ದ್ವೀಪದಲ್ಲಿ ಈ ಗೊಂದಲ ಬಹುಪಾಲು ಇಲ್ಲ. ಸೆಶೆಲ್ಸ್‌ನ ಕಸಿನ್ ಎಂಬ ದ್ವೀಪದ ವಿಸ್ತಾರ ಕೇವಲ 29 ಹೆಕ್ಟೇರ್. ತೆಂಗಿನ ತೋಟಕ್ಕಾಗಿ ಮೂಲ ಕಾಡನ್ನು ಕಡಿದಿದ್ದರಿಂದ ಅಲ್ಲಿನ ಸೆಶೆಲ್ಸ್ ವಾರ್ಬ್ಲರ್ ಎಂಬ ಚಿಕ್ಕ ಕಂದು ಹಕ್ಕಿಗಳು 1968ರ ಹೊತ್ತಿಗೆ ಮೂವತ್ತಕ್ಕಿಂತ ಕಡಿಮೆ ಉಳಿದಿದ್ದವು. ಆ ವರ್ಷ ದ್ವೀಪವನ್ನು ಸಂರಕ್ಷಣೆಗಾಗಿ ಕೊಳ್ಳಲಾಯಿತು, ಕಾಡು ಮರಳಿತು, ಹಕ್ಕಿಗಳೂ ಹೆಚ್ಚಿದವು. ಈ ಹಕ್ಕಿ ಸಮುದ್ರ ದಾಟಿ ಹೋಗುವುದು ತೀರ ಅಪರೂಪ. ಹಾಗಾಗಿ ಒಂದು ಋತುವಿನಲ್ಲಿ ಕಾಣದ ಹಕ್ಕಿ ಸತ್ತಿದೆ ಎಂದೇ ಬರೆದುಕೊಳ್ಳಬಹುದು. ಹೆಚ್ಚುಕಡಿಮೆ ಪ್ರತಿ ಹಕ್ಕಿಯ ಕಾಲಲ್ಲೂ ಬಣ್ಣದ ಉಂಗುರಗಳಿವೆ. ಯಾರ ಮಗಳು ಯಾರು, ಯಾರ ಗೂಡಿನ ಮರಿಗೆ ಯಾವ ಅಕ್ಕ ಹುಳ ತಂದುಕೊಟ್ಟಳು, ಯಾರು ಎಷ್ಟು ವರ್ಷ ಬದುಕಿದರು ಎಂಬುದೆಲ್ಲ ಶಾನುಭೋಗರ ಲೆಕ್ಕದ ಪುಸ್ತಕದಲ್ಲಿದ್ದಂತೆ ದಾಖಲಾಗಿದೆ.

ಸಮುದ್ರವೇ ಬೇಲಿಯಾಗಿರುವ ಇಂಥ ಜಾಗ ಬೇರೆಲ್ಲಿ ಸಿಗುತ್ತದೆ? 1883ರ ಆಗಸ್ಟ್‌ನಲ್ಲಿ ಇಂಡೊನೇಷ್ಯಾದ ಕ್ರಾಕಟೋವಾ ಜ್ವಾಲಾಮುಖಿ ಸಿಡಿದು ಅಳಿದುಳಿದ ದ್ವೀಪವೆಲ್ಲ ಬೂದಿಯಲ್ಲಿ ಹೂತುಹೋಯಿತು. ಸುಮಾರು ಒಂಬತ್ತು ತಿಂಗಳ ನಂತರ ಅಲ್ಲಿಗೆ ಹೋದ ತಂಡದವರಿಗೆ ಹುಡುಕಿ ಹುಡುಕಿ ಸಿಕ್ಕಿದ್ದು ಒಂದೇ ಒಂದು ಜೀವಿ, ಒಂದು ಸಣ್ಣ ಜೇಡ. ತನ್ನದೇ ನೂಲನ್ನು ಗಾಳಿಗೆ ಬಿಟ್ಟು ತೇಲಿ ಬಂದಿರಬೇಕು. ತಿನ್ನಲು ಏನೂ ಇಲ್ಲದ ಬೂದಿಯ ಮೇಲೆ ಬಲೆ ನೇಯುತ್ತಿತ್ತಂತೆ. ಜೀವ ಮರಳಿ ಬರುವ ಲೆಕ್ಕ ಒಂದರಿಂದ ಶುರುವಾದದ್ದನ್ನು ಮನುಷ್ಯರು ಕಣ್ಣಾರೆ ಕಂಡದ್ದು ದ್ವೀಪ ಎಂಬ ಕಾರಣಕ್ಕೆ.

ಆದರೂ ನನ್ನನ್ನು ಕೇಳಿದರೆ ಈ ವಿಷಯಕ್ಕೆ ಗಲಾಪಗೋಸ್‌ನ ಡಾಫ್ನೆ ಮೇಜರ್‌ಗೆ ಸಮನಾದ ಉದಾಹರಣೆ ಇಲ್ಲ. ಪೆಸಿಫಿಕ್ ಸಾಗರದ ಆ ದ್ವೀಪ ಒಂದು ಚದರ ಕಿಲೋಮೀಟರಿನ ಮೂರನೆಯ ಒಂದು ಭಾಗದಷ್ಟಿರುವ ಜ್ವಾಲಾಮುಖಿಯ ಬೋಳು ನೆತ್ತಿ. ಅಲ್ಲಿ ಜನರಿಲ್ಲ, ಸಿಹಿನೀರಿಲ್ಲ, ನೆರಳು ಹುಡುಕಿಕೊಳ್ಳಬೇಕು. ಇಳಿಯಲು ಮರಳಿನ ದಡವೂ ಇಲ್ಲ. ಅಲೆ ಮೇಲೆದ್ದ ಕ್ಷಣ ನೋಡಿಕೊಂಡು ದೋಣಿಯಿಂದ ಬಂಡೆಯ ಅಂಚಿಗೆ ಹಾರಬೇಕು. ನೀರಿನ ಕ್ಯಾನುಗಳು, ಗುಡಾರ, ಊಟದ ಸಾಮಾನು ಎಲ್ಲವನ್ನೂ ಅದೇ ಬಂಡೆಯ ಮೇಲೆ ಕೈಯಿಂದ ಕೈಗೆ ದಾಟಿಸಬೇಕು. ಪೀಟರ್ ಗ್ರಾಂಟ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. 2012ರವರೆಗೆ, ವರ್ಷ ಬಿಡದೆ, ಅವರೋ ಅವರ ವಿದ್ಯಾರ್ಥಿಗಳೋ ಅಲ್ಲಿಗೆ ಹೋಗುತ್ತಲೇ ಇದ್ದರು. ಇಬ್ಬರು ಹೆಣ್ಣುಮಕ್ಕಳನ್ನೂ ಜೊತೆಗೆ ಕರೆದೊಯ್ಯುತ್ತಿದ್ದರು. ಮಾಡುತ್ತಿದ್ದ ಕೆಲಸ ಒಂದೇ: ಫಿಂಚ್ ಹಕ್ಕಿಗಳನ್ನು ಹಿಡಿಯುವುದು, ಕೊಕ್ಕನ್ನು ಕ್ಯಾಲಿಪರ್‌ನಿಂದ ಅಳೆಯುವುದು, ಉಂಗುರ ತೊಡಿಸಿ ಬಿಡುವುದು, ಅವು ಯಾವ ಬೀಜ ತಿನ್ನುತ್ತವೆ ಎಂದು ನೋಡುತ್ತ ಕೂರುವುದು.

ಐದನೆಯ ವರ್ಷ, 1977ರಲ್ಲಿ, ಮಳೆ ಕೈಕೊಟ್ಟಿತು. ಮೆತ್ತನೆಯ ಸಣ್ಣ ಬೀಜಗಳು ಮೊದಲು ಮುಗಿದವು. ಕೊನೆಗೆ ಉಳಿದದ್ದು ಮುಖ್ಯವಾಗಿ ಒಂದು ಗಟ್ಟಿ ಮುಳ್ಳುಕಾಯಿ. ನಮ್ಮ ಹೊಲದ ಬದುಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲು ಇದೆಯಲ್ಲ, ಅದರ ಹತ್ತಿರದ ಬಂಧು. ಅದನ್ನು ಒಡೆಯುವ ತಾಕತ್ತು ದಪ್ಪ ಕೊಕ್ಕಿನ ಹಕ್ಕಿಗಳಿಗೆ ಮಾತ್ರ ಇತ್ತು. ಮಧ್ಯಮ ಗಾತ್ರದ ನೆಲದ ಫಿಂಚ್‌ಗಳಲ್ಲಿ ಸುಮಾರು 85 ಶೇಕಡ ಸತ್ತವು. ಬದುಕಿದವುಗಳ ಕೊಕ್ಕಿನ ದಪ್ಪ, ಬರಕ್ಕೆ ಮುಂಚಿನ ಸರಾಸರಿಗಿಂತ ಸುಮಾರು ಅರ್ಧ ಮಿಲಿಮೀಟರ್ ಹೆಚ್ಚು. ಅವುಗಳ ಮರಿಗಳೂ ದಪ್ಪ ಕೊಕ್ಕಿನವೇ ಆದವು. ವಿಕಾಸ ಎಂದರೆ ಲಕ್ಷಾಂತರ ವರ್ಷಗಳ ಕಥೆ ಎಂದು ಎಲ್ಲರೂ ಅಂದುಕೊಂಡಿದ್ದಾಗ ಅದು ಒಂದೇ ಬರಗಾಲದಲ್ಲಿ, ಅಳತೆಗೆ ಸಿಗುವಂತೆ ನಡೆದುಹೋಯಿತು. 1983ರಲ್ಲಿ, ಪೆಸಿಫಿಕ್ ಸಾಗರ ಬೆಚ್ಚಗಾದಾಗ ಬರುವ ಎಲ್ ನಿನೊ ಮಳೆ ಸುರಿದು ದ್ವೀಪ ಬಳ್ಳಿಗಳಿಂದ ಮುಚ್ಚಿಹೋಯಿತು, ಸಣ್ಣ ಬೀಜಗಳು ಹೇರಳವಾದವು. ಅದರ ಹಿಂದೆಯೇ ಬಂದ ಒಣ ವರ್ಷಗಳಲ್ಲಿ ಸಣ್ಣ ಕೊಕ್ಕಿನ ಹಕ್ಕಿಗಳ ಕೈ ಮೇಲಾಯಿತು. ಅರ್ಧ ಮಿಲಿಮೀಟರ್ ಎಂದರೆ ಎಷ್ಟು ಎಂದು ಒಮ್ಮೆ ಸ್ಕೇಲಿನ ಮೇಲೆ ನೋಡಿ. ಬರಕ್ಕೆ ಮೊದಲೇ ನೂರಾರು ಹಕ್ಕಿಗಳನ್ನು ಅಳೆದಿಡದೇ ಹೋಗಿದ್ದರೆ ಬಂಡೆಗಳ ನಡುವೆ ಬಿದ್ದಿದ್ದ ಸತ್ತ ಹಕ್ಕಿಗಳು ಬರೀ ಸತ್ತ ಹಕ್ಕಿಗಳಾಗಿ ಉಳಿಯುತ್ತಿದ್ದವು.

ಈಗ ನಿಮ್ಮ ಹೊಟ್ಟೆಕಿಚ್ಚಿನ ವಿಷಯ. ದ್ವೀಪದಲ್ಲಿ ಒಂದು ಸಾಮಾನ್ಯ ದಿನ ಹೇಗಿರುತ್ತದೆ ಎಂದರೆ, ಕತ್ತಲು ಹರಿಯುವ ಮೊದಲೇ ಎದ್ದು ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆಗಳನ್ನು ಬಿಚ್ಚಬೇಕು. ಬಿಚ್ಚಿ ಸುಮ್ಮನೆ ಕೂರುವಂತಿಲ್ಲ. ಸಿಕ್ಕಿಕೊಂಡ ಹಕ್ಕಿ ಬಿಸಿಲಿಗೆ ಬಳಲಿ ಸಾಯದಂತೆ ಪದೇಪದೇ ಸುತ್ತು ಹಾಕುತ್ತಿರಬೇಕು. ಹಕ್ಕಿಯನ್ನು ಬಿಡಿಸಿ ಬಟ್ಟೆಚೀಲಕ್ಕೆ ಹಾಕಿ ತೂಗಿ, ರೆಕ್ಕೆ ಅಳೆದು, ಕೊಕ್ಕು ಅಳೆದು, ಉಂಗುರದ ಸಂಖ್ಯೆ ಬರೆದು ಹಾರಿಬಿಡಬೇಕು. ಬರೆಯುವುದು ಪೆನ್ಸಿಲಿನಲ್ಲಿ, ಏಕೆಂದರೆ ಮಳೆಗೆ ಶಾಯಿ ಹರಡಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಬಲೆ ಮಡಚಿ, ನೆರಳಿದ್ದರೆ ನೆರಳಿನಲ್ಲಿ ಕುಳಿತು ಬೆಳಗಿನ ಅಂಕಿಗಳನ್ನು ಇನ್ನೊಂದು ಪುಸ್ತಕಕ್ಕೆ ನಕಲು ಮಾಡಬೇಕು. ಒಂದು ಪುಸ್ತಕ ನೀರುಪಾಲಾದರೂ ಇನ್ನೊಂದು ಉಳಿಯಲಿ ಎಂಬ ಮುಂಜಾಗ್ರತೆ. ಕಪ್ಪೆ, ಹಲ್ಲಿಗಳ ಅಧ್ಯಯನವಾದರೆ ಹಣೆಗೆ ಟಾರ್ಚ್ ಕಟ್ಟಿಕೊಂಡು ರಾತ್ರಿಯೂ ಅಲೆಯಬೇಕು. ಬಟ್ಟೆ ಒಣಗುವುದಿಲ್ಲ, ಕ್ಯಾಮೆರಾದ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ, ಗುರುವಾರ ಬರುತ್ತೇನೆಂದ ದೋಣಿ ಮುಂದಿನ ಮಂಗಳವಾರ ಬರುತ್ತದೆ. ಮರುದಿನ ಮತ್ತೆ ಅದೇ. ತೊಂಬತ್ತು ದಿನ ಅದೇ.

ಅಪಾಯಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಟಿವಿಯಲ್ಲಿ ತೋರಿಸುವಂಥವು ಕಡಿಮೆ. ಹವಳದ ಕಲ್ಲಿಗೆ ತರಚಿದ ಪಾದದ ಗಾಯ ಕೀವು ಕಟ್ಟಿ ವಾರಗಟ್ಟಲೆ ನಡೆಯಲಾಗದಂತೆ ಮಾಡುತ್ತದೆ. ಕೆರಿಬಿಯನ್ ದ್ವೀಪಗಳ ಕಡಲತೀರದಲ್ಲಿ ಬೆಳೆಯುವ ಮ್ಯಾಂಚಿನೀಲ್ ಎಂಬ ಮರದ ಕೆಳಗೆ ಮಳೆಗೆ ನಿಂತರೆ, ಎಲೆಯಿಂದ ತೊಟ್ಟಿಕ್ಕುವ ನೀರಿಗೇ ಮೈಯಲ್ಲಿ ಬೊಬ್ಬೆ ಏಳುತ್ತದೆ. ಮಲೇರಿಯಾ ಇದ್ದೇ ಇದೆ. ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ದೋಣಿ ಮತ್ತು ಇರುವೆ.

ಅತಿಶಯೋಕ್ತಿ ಅನ್ನಿಸಿದರೆ ಬ್ರಿಟಿಷ್ ನಿಸರ್ಗವಿಜ್ಞಾನಿ ಆಲ್‌ಫ್ರೆಡ್ ರಸೆಲ್ ವಾಲೇಸ್‌ನನ್ನು ನೆನೆಯಿರಿ. 1854ರಿಂದ 1862ರವರೆಗೆ ಮಲಯ ದ್ವೀಪಸ್ತೋಮದಲ್ಲಿ ಅಲೆದು 1,25,660 ಮಾದರಿಗಳನ್ನು ಸಂಗ್ರಹಿಸಿದವನು ಅವನು. ಅದರಲ್ಲಿ 83,200 ಬರೀ ದುಂಬಿಗಳು. ಅರು ದ್ವೀಪದಲ್ಲಿ ಕೀಟ ಕಚ್ಚಿದ ಕಾಲು ಹುಣ್ಣಾಗಿ, ಹೊರಗೆ ಅಪರೂಪದ ಚಿಟ್ಟೆಗಳು ಹಾರಾಡುತ್ತಿರುವಾಗ ಇವನು ಗುಡಿಸಲಿನೊಳಗೆ ಬಂಧಿಯಾಗಿದ್ದ. ನ್ಯೂಗಿನಿಯ ಡೋರೆಯಲ್ಲಿ ಕಪ್ಪಿರುವೆಗಳು ಅವನ ಕಣ್ಣೆದುರೇ ಮೇಜಿನ ಮೇಲಿನ ಕೀಟಗಳನ್ನು ಹೊತ್ತೊಯ್ಯುತ್ತಿದ್ದವು. 1860ರಲ್ಲಿ ತನ್ನದೇ ದೋಣಿಯಲ್ಲಿ ಹೊರಟ ಪ್ರಯಾಣವಂತೂ ಕೇಡುಗಳ ಮೆರವಣಿಗೆ: ಮೊದಲ ನಾವಿಕರು ಓಡಿಹೋದರು, ಇಬ್ಬರು ಒಂದು ತಿಂಗಳು ನಿರ್ಜನ ದ್ವೀಪದಲ್ಲಿ ಸಿಕ್ಕಿಬಿದ್ದರು, ದೋಣಿ ಹತ್ತು ಬಾರಿ ಹವಳದ ದಿಬ್ಬಕ್ಕೆ ಕಚ್ಚಿಕೊಂಡಿತು, ನಾಲ್ಕು ಲಂಗರುಗಳು ಹೋದವು, ಹಾಯಿಯನ್ನು ಇಲಿಗಳು ತಿಂದವು, ಹನ್ನೆರಡು ದಿನ ಹಿಡಿಯಬೇಕಿದ್ದ ಮರುಪ್ರಯಾಣಕ್ಕೆ ಮೂವತ್ತೆಂಟು ದಿನ ಹಿಡಿಯಿತು. 1858ರಲ್ಲಿ ಜ್ವರದಲ್ಲಿ ನಡುಗುತ್ತ ಮಲಗಿದ್ದಾಗ ಅವನಿಗೆ ನೈಸರ್ಗಿಕ ಆಯ್ಕೆಯ, ಅಂದರೆ ಪರಿಸರಕ್ಕೆ ಹೊಂದುವ ಜೀವಿಗಳೇ ಉಳಿದು ವಂಶ ಬೆಳೆಸುತ್ತವೆ ಎಂಬ, ಕಲ್ಪನೆ ಹೊಳೆದದ್ದನ್ನು ಎಲ್ಲರೂ ಹೇಳುತ್ತಾರೆ. ಸರಾವಾಕ್‌ನ ಅಲಿ ಎಂಬ ಯುವಕನ ಹೆಸರನ್ನು ಹೇಳುವವರು ಕಡಿಮೆ. ಅಡುಗೆಗೆಂದು ಸೇರಿದ ಅಲಿ ಹಕ್ಕಿ ಹೊಡೆಯುವುದನ್ನೂ ಚರ್ಮ ಸುಲಿದು ಸಿದ್ಧಪಡಿಸುವುದನ್ನೂ ಕಲಿತು, ಬಚಾನ್ ದ್ವೀಪದಲ್ಲಿ ವಿಜ್ಞಾನಕ್ಕೆ ಅದುವರೆಗೆ ಗೊತ್ತಿಲ್ಲದ ಸ್ವರ್ಗದ ಹಕ್ಕಿಯೊಂದನ್ನು ತಂದು ತೋರಿಸಿದ. ಆ ಹಕ್ಕಿಯ ಹೆಸರಿನಲ್ಲಿ ಇಂದು ವಾಲೇಸ್ ಇದ್ದಾನೆ, ಅಲಿ ಇಲ್ಲ. ಇಂದಿಗೂ ದೋಣಿ ನಡೆಸುವವರು, ಮರದ ಹೆಸರು ಹೇಳುವವರು, ಹಕ್ಕಿಯ ಕೂಗು ಗುರುತಿಸುವವರು ಸ್ಥಳೀಯರೇ.

ಇಷ್ಟೆಲ್ಲ ಪಟ್ಟ ಪಾಡು ಒಂದು ಚೀಟಿ ಬರೆಯದಿದ್ದರೆ ವ್ಯರ್ಥವಾಗಬಹುದು. ಡಾರ್ವಿನ್‌ನಂಥ ಡಾರ್ವಿನ್ನನೇ 1835ರಲ್ಲಿ ಗಲಾಪಗೋಸ್‌ನಲ್ಲಿ ಐದು ವಾರ ಕಳೆದಾಗ ಫಿಂಚ್‌ಗಳನ್ನು ಯಾವ ದ್ವೀಪದಲ್ಲಿ ಹಿಡಿದದ್ದು ಎಂದು ಸರಿಯಾಗಿ ಬರೆದಿಡಲಿಲ್ಲ. ಆಮೆಯನ್ನು ನೋಡಿದರೆ ಅದು ಯಾವ ದ್ವೀಪದ್ದೆಂದು ಹೇಳಬಲ್ಲೆ ಎಂದು ಅಲ್ಲಿನ ಅಧಿಕಾರಿಯೊಬ್ಬರು ಹೇಳಿದರೂ ಆಗ ಅವನು ಅದಕ್ಕೆ ಸಾಕಷ್ಟು ಗಮನ ಕೊಡಲಿಲ್ಲ. ಹಡಗಿಗೆ ತುಂಬಿಕೊಂಡ ಆಮೆಗಳನ್ನು ದಾರಿಯಲ್ಲಿ ತಿಂದು ಚಿಪ್ಪುಗಳನ್ನು ಸಮುದ್ರಕ್ಕೆ ಎಸೆದರು. ಊರು ಸೇರಿದ ಮೇಲೆ, ಹಡಗಿನಲ್ಲಿದ್ದ ಬೇರೆಯವರು ದ್ವೀಪದ ಹೆಸರು ಬರೆದಿಟ್ಟಿದ್ದ ಹಕ್ಕಿಗಳ ನೆರವು ಪಡೆಯಬೇಕಾಯಿತು. ಅಂದಿನ ಆ ತಪ್ಪು ಇಂದಿನ ವಿದ್ಯಾರ್ಥಿಗಳಿಗೆ ಎಷ್ಟು ಧೈರ್ಯ ಕೊಟ್ಟಿದೆಯೋ!

ಹಾಗಿದ್ದರೆ ಸಾಹಸವೇ ಇಲ್ಲವೇ? ಇದೆ. ಆದರೆ ಅದು ಪತ್ತೇದಾರಿಯ ಸಾಹಸ. ಪೆಸಿಫಿಕ್‌ನ ಗುವಾಮ್ ದ್ವೀಪದಲ್ಲಿ ಕಾಡಿನ ಹಕ್ಕಿಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು. ಕೀಟನಾಶಕ ಕಾರಣ ಎಂದರು ಕೆಲವರು, ರೋಗ ಎಂದರು ಇನ್ನು ಕೆಲವರು. 1980ರ ದಶಕದಲ್ಲಿ ಜೂಲಿ ಸ್ಯಾವಿಜ್ ಎಂಬ ಸಂಶೋಧಕಿ ಇವನ್ನೆಲ್ಲ ಪರೀಕ್ಷಿಸಿ ಪಕ್ಕಕ್ಕಿಟ್ಟರು. ಹಕ್ಕಿಗಳು ಯಾವ ಪ್ರದೇಶದಿಂದ ಯಾವಾಗ ಮಾಯವಾದವು, ಕಂದು ಮರಹಾವು ಯಾವ ಪ್ರದೇಶಕ್ಕೆ ಯಾವಾಗ ಹರಡಿತು ಎಂದು ಹೋಲಿಸಿದರೆ ಎರಡೂ ತಾಳೆಯಾದವು. ಎರಡನೆಯ ಮಹಾಯುದ್ಧದ ನಂತರ ಸರಕಿನೊಂದಿಗೆ ಬಂದಿಳಿದಿದ್ದ ಹಾವು ಅದು. ಪರೀಕ್ಷೆಗೆಂದು ಪಂಜರದಲ್ಲಿಟ್ಟ ಬುರಲಿ ಹಕ್ಕಿಗಳೂ ಅದರ ಹೊಟ್ಟೆ ಸೇರಿದವು. 1987ರಲ್ಲಿ ಅವರು ಇದನ್ನು ಪ್ರಕಟಿಸಿದಾಗ, ಒಂದು ಹಾವು ಇಡೀ ದ್ವೀಪದ ಹಕ್ಕಿಗಳನ್ನು ಮುಗಿಸಬಲ್ಲದು ಎಂಬುದು ಹಲವರಿಗೆ ನುಂಗಲಾರದ ತುತ್ತಾಗಿತ್ತು. ಅಲ್ಲಿನ ಹನ್ನೆರಡು ಮೂಲ ಅರಣ್ಯಪಕ್ಷಿಗಳಲ್ಲಿ ಹತ್ತು ಕಾಡಿನಿಂದ ಮರೆಯಾಗಿವೆ. ಹಕ್ಕಿಗಳಿಲ್ಲದ ಆ ಕಾಡಿನಲ್ಲಿ ಮಳೆಗಾಲದಲ್ಲಿ ಜೇಡರ ಬಲೆಗಳು ನೆರೆಯ ದ್ವೀಪಗಳಿಗಿಂತ ನಲವತ್ತು ಪಟ್ಟು ಹೆಚ್ಚಿದ್ದವೆಂದು 2012ರ ಎಣಿಕೆಯೊಂದು ತೋರಿಸಿತು.

ಎಲ್ಲ ಕಥೆಗಳೂ ಹೀಗೆ ಮುಗಿಯುವುದಿಲ್ಲ. ಮಾರಿಷಸ್‌ನ ಕೆಸ್ಟ್ರೆಲ್ ಗಿಡುಗಗಳು 1974ರಲ್ಲಿ ಕಾಡಿನಲ್ಲಿ ನಾಲ್ಕೇ ನಾಲ್ಕು ಗೊತ್ತಿದ್ದವು. 1979ರಲ್ಲಿ ಅಲ್ಲಿಗೆ ಹೋದ ಕಾರ್ಲ್ ಜೋನ್ಸ್‌ಗೆ ಯೋಜನೆಯನ್ನು ಮುಗಿಸಿ ಬರುವ ಸೂಚನೆಯಿತ್ತು. ಅವರು ಮುಗಿಸಲಿಲ್ಲ. ಗೂಡಿನಿಂದ ಮೊಟ್ಟೆ ತೆಗೆದರೆ ಹಕ್ಕಿ ಮತ್ತೆ ಮೊಟ್ಟೆಯಿಡುತ್ತದೆ ಎಂಬುದನ್ನು ಬಳಸಿಕೊಂಡು, ತೆಗೆದ ಮೊಟ್ಟೆಗಳನ್ನು ಬೇರೆಡೆ ಮರಿ ಮಾಡಿಸಿ ಸಂಖ್ಯೆಯನ್ನು ನೂರಾರಕ್ಕೆ ಏರಿಸಿದರು.

ನೀವು ಹೊಟ್ಟೆಕಿಚ್ಚು ಪಡಲೇಬೇಕೆಂದಿದ್ದರೆ ಡಾಫ್ನೆಯ ಇನ್ನೊಂದು ದಿನಕ್ಕಾಗಿ ಪಡಿ. 1981ರಲ್ಲಿ ಗ್ರಾಂಟ್ ತಂಡದ ಬಲೆಗೆ ಒಂದು ಅಪರಿಚಿತ ಗಂಡು ಫಿಂಚ್ ಬಿತ್ತು. ಅಲ್ಲಿನ ಹಕ್ಕಿಗಳಿಗಿಂತ ದೊಡ್ಡದು, ಹಾಡೂ ಬೇರೆ. ಅಳೆದರು, 5110 ಎಂಬ ಸಂಖ್ಯೆ ಕೊಟ್ಟು ಹಾರಿಬಿಟ್ಟರು. ಅದು ದ್ವೀಪದ ಹೆಣ್ಣೊಂದನ್ನು ಕೂಡಿತು. ಕೆಲವೇ ತಲೆಮಾರುಗಳಲ್ಲಿ ಅದರ ವಂಶದವು ಬೇರೆ ಫಿಂಚ್‌ಗಳನ್ನು ಬಿಟ್ಟು ತಮ್ಮತಮ್ಮಲ್ಲೇ ಜೋಡಿಯಾಗತೊಡಗಿದವು. ಹತ್ತಿರದ ಯಾವುದೋ ದ್ವೀಪದ ಮಿಶ್ರತಳಿಯಿರಬೇಕು ಎಂದು ಮೊದಲು ಊಹಿಸಿದ್ದರು. ಆ ಹಕ್ಕಿ ಬದುಕಿದ್ದಾಗ ತೆಗೆದಿಟ್ಟಿದ್ದ ರಕ್ತದ ಹನಿಯ ಡಿಎನ್ಎ ಓದಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. 5110 ಹಾರಿ ಬಂದದ್ದು ನೂರು ಕಿಲೋಮೀಟರಿಗೂ ಆಚೆಯ ಎಸ್ಪಾನ್ಯೋಲಾ ದ್ವೀಪದಿಂದ.