ಪುಕ್ಕಟೆ ಬೇರೆ, ಮುಕ್ತ ಬೇರೆ

ಕೇಂದ್ರದ ಎನ್‌ಸಿಇಆರ್‌ಟಿ ಹೊರತರೋ ಶಾಲಾ ಪಠ್ಯಪುಸ್ತಕದ ಪಿಡಿಎಫ್ ಇಳಿಸಿಕೊಳ್ಳೋಕೆ ಒಂದು ಪೈಸೆ ಕೊಡಬೇಕಿಲ್ಲ. ಆದರೆ ಮೊದಲ ಪುಟಗಳಲ್ಲೇ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ ಅಂತ ಅಚ್ಚಾಗಿರುತ್ತದೆ. ಅಂದರೆ ಓದಬಹುದು, ಆದರೆ ನೀರಿನ ಪಾಠಕ್ಕೆ ನಮ್ಮೂರ ಕೆರೆಯ ಲೆಕ್ಕ ಸೇರಿಸಿ, ಅಚ್ಚು ಹಾಕಿಸಿ ಪಕ್ಕದೂರಿನ ಶಾಲೆಗೆ ಹಂಚಬೇಕು ಅಂದರೆ ಅನುಮತಿ ಬೇಕು. ಮೇಷ್ಟ್ರಿಗೆ ಬೇಕಾಗಿರೋದು ಇದೇ ತಾನೇ?

ಈ ತಕರಾರು ಮೊದಲು ದೊಡ್ಡದಾಗಿ ಎದ್ದದ್ದು ಕಾಲೇಜುಗಳ ಮಟ್ಟದಲ್ಲಿ. 2001ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ಪಾಠಗಳನ್ನೆಲ್ಲ ಇಂಟರ್‌ನೆಟ್ಟಿಗೆ ಹಾಕ್ತೀವಿ ಅಂತ ಘೋಷಿಸಿತು. ಮರುವರ್ಷ ಯುನೆಸ್ಕೊ ಸಭೆಯಲ್ಲಿ ಇಂಥ ಸಾಮಗ್ರಿಗೆ ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಅನ್ನೋ ಹೆಸರು ಬಿತ್ತು. ಅದೇ 2002ರ ಡಿಸೆಂಬರಿನಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳೂ ಬಂದವು. ಬರೆದವರು ಮೊದಲೇ ಅನುಮತಿ ಬರೆದಿಟ್ಟುಬಿಟ್ಟರೆ ಪ್ರತಿ ಸಲ ಪತ್ರ ಬರೆದು ಕಾಯೋದು ತಪ್ಪುತ್ತದೆ, ಅಷ್ಟೇ ಉಪಾಯ.

ನಮ್ಮ ಶಾಲೆಗಳಿಗೆ ಇದು ಬರೋಕೆ ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. 2013ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಶಾಲಾ ಸಾಮಗ್ರಿಗೆ ಎನ್‌ಆರ್‌ಒಇಆರ್ ಅನ್ನೋ ಭಂಡಾರ ತೆರೆಯಿತು. ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗೋದು ಆ ಹೊತ್ತಿಗೇ ಕರ್ನಾಟಕದಲ್ಲಿ ಶುರುವಾದ ಕೆಒಇಆರ್ ಅನ್ನೋ ವಿಕಿ ತಾಣ. ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿ ಮತ್ತು ಬೆಂಗಳೂರಿನ ಸ್ವಯಂಸೇವಾ ಸಂಸ್ಥೆ ಐಟಿ ಫಾರ್ ಚೇಂಜ್ ಸೇರಿ ಕಟ್ಟಿದ್ದು. ವಿಕಿಪೀಡಿಯ ನಡೆಯುವ ತಂತ್ರಾಂಶವೇ ಇದಕ್ಕೂ. ಗಣಿತ, ವಿಜ್ಞಾನ, ಸಮಾಜ ಪಾಠ ಮಾಡುವ ಹೈಸ್ಕೂಲು ಮೇಷ್ಟ್ರುಗಳೇ ಬರೆಯಬೇಕು, ಅವರೇ ತಿದ್ದಬೇಕು, ಅದೂ ಕನ್ನಡದಲ್ಲಿ. ಬರೆದವರ ಹೆಸರು ಹೇಳಿ, ಬೇಕಾದ ಹಾಗೆ ಬದಲಿಸಿ, ಬದಲಿಸಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಿ ಅನ್ನೋದು ಒಪ್ಪಂದ. ಹೇಳೋಕೆ ಸುಲಭ, ಬಿಡಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಯನ್ನು ಯೂನಿಕೋಡಿಗೆ ಬದಲಿಸದೆ ವೆಬ್‌ಪುಟಕ್ಕೆ ಅಂಟಿಸಿ ನೋಡಿ, ಕನ್ನಡದ ಬದಲು ಕಾಗೆ ಕಾಲು ಗುಬ್ಬಿ ಕಾಲು ಕಾಣುತ್ತದೆ.

ಪ್ರೈಮರಿ ಮಕ್ಕಳ ದಾರಿ ಬೇರೆ, ಅದು ಕಥೆಗಳದ್ದು. ಬೆಂಗಳೂರಿನ ಪ್ರಥಮ್ ಬುಕ್ಸ್ ಪ್ರಕಾಶನ 2015ರಲ್ಲಿ ಸ್ಟೋರಿವೀವರ್ ಅನ್ನೋ ಕಥೆಗಳ ವೆಬ್‌ತಾಣ ಶುರು ಮಾಡಿತು. ಅಲ್ಲಿನ ಚಿತ್ರಕಥೆಯನ್ನು ಕನ್ನಡಕ್ಕೆ ತರಬಹುದು, ಬೇಕಿದ್ದರೆ ಕುಂದಾಪ್ರ ಕನ್ನಡಕ್ಕೂ ತಂದು ಅಚ್ಚು ಹಾಕಿಸಬಹುದು. ಯಾರೂ ಕೇಳೋದಿಲ್ಲ, ಮೂಲದವರ ಹೆಸರು ಹಾಕಿದರಾಯಿತು.

2017ರಲ್ಲಿ ಕೇಂದ್ರ ಸರ್ಕಾರದ ಕಲಿಕಾ ತಾಣ ದೀಕ್ಷಾ ಬಂತು. ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡಿಗೆ ಫೋನ್ ಹಿಡಿದರೆ ವಿಡಿಯೊ ತೆರೆದುಕೊಳ್ಳುತ್ತದೆ. ಅನುಕೂಲ ಅನುಕೂಲವೇ, ಆದರೆ ಕೆಒಇಆರ್ ವಿಕಿಯಲ್ಲಿ ಬರೆಯೋಕೆ ಕೂತಿದ್ದ ಮೇಷ್ಟ್ರು ಇಲ್ಲಿ ಹೆಚ್ಚಾಗಿ ನೋಡುಗರೇ. ಪರವಾನಗಿಯ ವಿವರ ಅಲ್ಲೂ ಇರುತ್ತದೆ, ವಿಡಿಯೊ ಮುಗಿದ ಮೇಲೆ ಅಲ್ಲಿಯವರೆಗೆ ಯಾರು ಹೋಗಿ ನೋಡ್ತಾರೆ?