ಪಲೋಮ, ಚಕ್ಕೋತ, ಚಿಟಿಕೆ ಉಪ್ಪು: ಮನೆಯಲ್ಲಿ ಟಕೀಲಾ ಕಾಕ್‌ಟೇಲ್ ಕಲಿಯುವವರಿಗೆ ಟಿಪ್ಪಣಿ

ಪಲೋಮ ಮೆಕ್ಸಿಕೊದ ಒಂದು ಟಕೀಲಾ ಕಾಕ್‌ಟೇಲ್. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಾತಿಗೆ ಪಾರಿವಾಳ ಅಂತ ಅರ್ಥ. ಟಕೀಲಾ, ನಿಂಬೆರಸ, ಚಿಟಿಕೆ ಉಪ್ಪು, ಮೇಲಿಂದ ಗ್ರೇಪ್‌ಫ್ರೂಟ್ ಸೋಡಾ. ಅಷ್ಟೇ ಸಾಮಾನು. ನಮ್ಮ ಕಡೆ ಟಕೀಲಾ ಅಂದ ಕೂಡಲೇ ಮಾರ್ಗರಿಟ ನೆನಪಾಗುತ್ತದೆ, ಇಲ್ಲವೇ ಉಪ್ಪು ನೆಕ್ಕಿ ಒಂದೇ ಗುಟುಕಿಗೆ ಇಳಿಸುವ ಶಾಟ್. ಮೆಕ್ಸಿಕೊದ ಜನ ಆರಾಮಾಗಿ ಕೂತು ಬೆರೆಸಿಕೊಂಡು ಕುಡಿಯುವುದು ಪಲೋಮವನ್ನು. ಹಣ್ಣಿನ ಕಾಕ್‌ಟೇಲ್ ಕಲಿಯಲು ಇದಕ್ಕಿಂತ ಒಳ್ಳೆಯ ಮೊದಲ ಪಾಠ ನನಗೆ ಸಿಕ್ಕಿಲ್ಲ. ಶೇಕರ್ ಬೇಡ, ದುಬಾರಿ ಲಿಕ್ಯೂರ್ ಬೇಡ. ಆದರೆ ಹುಳಿ, ಸಿಹಿ, ಕಹಿ, ಉಪ್ಪು ನಾಲ್ಕೂ ಇದರಲ್ಲಿವೆ. ಒಂದು ಹೆಚ್ಚು ಕಡಿಮೆ ಆದರೂ ನಾಲಿಗೆಗೆ ತಕ್ಷಣ ಗೊತ್ತಾಗುತ್ತದೆ.

ಇಂಟರ್‌ನ್ಯಾಷನಲ್ ಬಾರ್‌ಟೆಂಡರ್ಸ್ ಅಸೋಸಿಯೇಷನ್ ಕೊಡುವ ಅಳತೆ ಹೀಗಿದೆ: ಟಕೀಲಾ 50 ಎಂ.ಎಲ್., ನಿಂಬೆರಸ 5 ಎಂ.ಎಲ್., ಚಿಟಿಕೆ ಉಪ್ಪು, ಪಿಂಕ್ ಗ್ರೇಪ್‌ಫ್ರೂಟ್ ಸೋಡಾ 100 ಎಂ.ಎಲ್. ನಿಂಬೆರಸ ಎಷ್ಟು ಕಡಿಮೆ ನೋಡಿ. ಸೋಡಾದಲ್ಲೇ ಹುಳಿ, ಸಿಹಿ ಎರಡೂ ಇರುವುದರಿಂದ ಅಷ್ಟು ಸಾಕು. ಮೆಕ್ಸಿಕೊದಲ್ಲಿ ಇದಕ್ಕೆ ಹೆಚ್ಚಾಗಿ ಬಳಸುವುದು ಸ್ಕ್ವರ್ಟ್, ಹಾರಿತೋಸ್‌ನಂಥ ಬಾಟಲಿ ಸೋಡಾಗಳನ್ನು. ಇವು ನಮ್ಮ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಗ್ರೇಪ್‌ಫ್ರೂಟ್‌ನ ಹತ್ತಿರದ ಬಂಧು ಚಕ್ಕೋತದ ಹಣ್ಣಿನಿಂದಲೇ ಶುರು ಮಾಡಬೇಕು. ಆಗ ಮೇಲಿನ ಅಳತೆ ನಡೆಯುವುದಿಲ್ಲ, ಲೆಕ್ಕ ಹೊಸದಾಗಿ ಹಾಕಬೇಕು. ಈ ಟಿಪ್ಪಣಿಯ ಬಹುಪಾಲು ಆ ಲೆಕ್ಕವೇ.

ಮೊದಲು ಬಾಟಲಿ

ಟಕೀಲಾ ನೀಲಿ ಅಗಾವೆ ಅನ್ನುವ ಗಿಡದಿಂದ ಬರುತ್ತದೆ. ನಮ್ಮ ಹೊಲಗಳ ಬೇಲಿಯಲ್ಲಿ, ರೈಲು ಹಳಿಯ ಪಕ್ಕದಲ್ಲಿ ಕಾಣುವ ಕತ್ತಾಳೆ ಇದೆಯಲ್ಲ, ಅದರ ಬಂಧು. ಕಳ್ಳಿ ಜಾತಿ ಅಂತ ಬಹಳ ಜನ ತಿಳಿದಿದ್ದಾರೆ, ಅದು ತಪ್ಪು. ಗಿಡ ಬಲಿಯಲು ಸಾಮಾನ್ಯವಾಗಿ ಆರೇಳು ವರ್ಷ ಬೇಕು. ಹಿಮಡೋರ್ ಅನ್ನುವ ಕೆಲಸಗಾರರು ಉದ್ದ ಹಿಡಿಯ ಕೋವಾ ಅನ್ನುವ ಸಲಕರಣೆಯಿಂದ ಎಲೆಗಳನ್ನೆಲ್ಲ ಸವರಿ ನಡುವಿನ ಗಡ್ಡೆಯನ್ನು ತೆಗೆಯುತ್ತಾರೆ. ಎಲೆ ಸವರಿದ ಗಡ್ಡೆ ಅನಾನಸ್ ಥರ ಕಾಣುವುದರಿಂದ ಅದಕ್ಕೆ ಪಿನ್ಯಾ ಅಂತಲೇ ಹೆಸರು. ಹಸಿ ಗಡ್ಡೆಯಲ್ಲಿರುವ ಸಕ್ಕರೆ ಉದ್ದನೆಯ ಸರಪಳಿಯಾಗಿ ಕಟ್ಟಿಕೊಂಡಿರುತ್ತದೆ, ಯೀಸ್ಟ್‌ಗೆ ಸುಲಭವಾಗಿ ದಕ್ಕುವುದಿಲ್ಲ. ಗಡ್ಡೆಯನ್ನು ಬೇಯಿಸಿದಾಗ ಆ ಸರಪಳಿ ಮುರಿದು ಹುದುಗುವ ಸಕ್ಕರೆಯಾಗುತ್ತದೆ. ಒಳ್ಳೆಯ ಟಕೀಲಾದಲ್ಲಿ ಸುಟ್ಟ ಗೆಣಸಿನಂಥ ಪರಿಮಳ ಬರುವುದು ಈ ಬೇಯಿಸುವಿಕೆಯಿಂದಲೇ. ಹುಳಿ ಹಣ್ಣಿನ ಜೊತೆ ಅದು ತುಂಬಾ ಚೆನ್ನಾಗಿ ಹೊಂದುತ್ತದೆ.

ಕೊಳ್ಳುವಾಗ ಒಂದೇ ಮಾತು ನೋಡಿ. ಲೇಬಲ್ ಮೇಲೆ ಶೇ. 100 ಅಗಾವೆ ಅಂತ ಬರೆದಿರಬೇಕು. ಆ ಮಾತಿಲ್ಲದಿದ್ದರೆ ಹುದುಗಿಸಿದ ಸಕ್ಕರೆಯಲ್ಲಿ ಶೇ. 49ರವರೆಗೆ ಬೇರೆ ಮೂಲದ್ದು ಇರಬಹುದು, ಮೆಕ್ಸಿಕೊದ ನಿಯಮ ಅದಕ್ಕೆ ಅವಕಾಶ ಕೊಡುತ್ತದೆ. ಬಣ್ಣ ನೋಡಿ ಮೋಸಹೋಗಬೇಡಿ. ಚಿನ್ನದ ಬಣ್ಣ ಕ್ಯಾರಮೆಲ್‌ನಿಂದಲೂ ಬರುತ್ತದೆ. ಪಲೋಮಕ್ಕೆ ಬಣ್ಣವಿಲ್ಲದ ಬ್ಲಾಂಕೊ ಸರಿ. ಓಕ್ ಮರದ ಪಾತ್ರೆಯಲ್ಲಿ ಕನಿಷ್ಠ 2 ತಿಂಗಳಿಟ್ಟ ರೆಪೊಸಾಡೊ ಕೂಡ ನಡೆಯುತ್ತದೆ, ಸ್ವಲ್ಪ ಮೆತ್ತಗಿರುತ್ತದೆ. ಕನಿಷ್ಠ 1 ವರ್ಷ ಇಟ್ಟ ಅನ್ಯೆಹೊವನ್ನು ಸೋಡಾಕ್ಕೆ ಸುರಿಯಬೇಡಿ, ಅದನ್ನು ಹಾಗೆಯೇ ಗುಟುಕರಿಸಬೇಕು.

ಮೆಕ್ಸಿಕೊದ ಹಲಿಸ್ಕೊ ರಾಜ್ಯ ಮತ್ತು ಇತರ ನಾಲ್ಕು ರಾಜ್ಯಗಳ ನಿಗದಿತ ಪ್ರದೇಶದಲ್ಲಿ ಮಾಡಿದ್ದಕ್ಕೆ ಮಾತ್ರ ಟಕೀಲಾ ಅನ್ನುವ ಹೆಸರು ಸಲ್ಲುತ್ತದೆ. ಈ ಹೆಸರಿನ ರಕ್ಷಣೆ 1974ರಿಂದ ಇದೆ. ದಖ್ಖನ್ ಪ್ರಸ್ಥಭೂಮಿಯ ಕತ್ತಾಳೆಯಿಂದ ಭಾರತದಲ್ಲೂ ಅಗಾವೆ ಮದ್ಯ ತಯಾರಾಗುತ್ತದೆ. ರುಚಿ ಬೇರೆ, ಹೆಸರೂ ಬೇರೆ, ಆದರೆ ಈ ಡ್ರಿಂಕ್‌ಗೆ ಅದನ್ನೂ ಪ್ರಯತ್ನಿಸಬಹುದು.

ಹಣ್ಣಿನ ವಿಷಯ

ನನಗೆ ತುಂಬಾ ಇಷ್ಟವಾದ ಭಾಗ ಇದು. ಗ್ರೇಪ್‌ಫ್ರೂಟ್ ಬಹಳ ಹಳೆಯ ಹಣ್ಣಲ್ಲ. 18ನೇ ಶತಮಾನದಲ್ಲಿ ಕೆರಿಬಿಯನ್‌ನ ಬಾರ್ಬಡೋಸ್ ದ್ವೀಪದಲ್ಲಿ ಚಕ್ಕೋತ ಮತ್ತು ಸಿಹಿ ಕಿತ್ತಳೆ ತಾನಾಗಿ ಬೆರೆತು ಹುಟ್ಟಿದ್ದು. ಚಕ್ಕೋತ ಆಗ್ನೇಯ ಏಷ್ಯಾದ ಹಣ್ಣು. ಅಂದರೆ ಪಲೋಮದ ಮುಖ್ಯ ಹಣ್ಣಿನ ತಾಯಿಬೇರು ನಮ್ಮ ಕಡೆಯದು. ನಿಂಬೆಯದೂ ಅದೇ ಕಥೆ. ಮೆಕ್ಸಿಕೊದ ಮನೆಗಳಲ್ಲಿ ಹಿಂಡುವ ಸಣ್ಣ, ತೆಳು ಸಿಪ್ಪೆಯ ಲಿಮೋನ್ ಮತ್ತು ನಮ್ಮ ಕಾಗ್ಜಿ ನಿಂಬೆ ಒಂದೇ ಜಾತಿ. ಏಷ್ಯಾದಿಂದ ಹೊರಟ ಈ ಹಣ್ಣನ್ನು ಅಮೆರಿಕಾಕ್ಕೆ ಮುಟ್ಟಿಸಿದವರು ಸ್ಪೇನಿನವರು. ಅಲ್ಲಿಂದ ಕತ್ತಾಳೆ ಇಲ್ಲಿಗೆ ಬಂತು, ಇಲ್ಲಿಂದ ನಿಂಬೆ, ಚಕ್ಕೋತ ಅಲ್ಲಿಗೆ ಹೋದವು. ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆಯೋ ಸಂತೆಯ ನಿಂಬೆಯೋ, ಕೈಯಲ್ಲಿರುವುದೇ ಸರಿಯಾದ ಹಣ್ಣು. ಆಮದಿನ ದೊಡ್ಡ ಹಸಿರು ಲೈಮ್ ಹುಡುಕಬೇಡಿ.

ದೇವನಹಳ್ಳಿ ಚಕ್ಕೋತಕ್ಕೆ ಜಿ.ಐ. (ಭೌಗೋಳಿಕ ಗುರುತು) ಮಾನ್ಯತೆ ಇದೆ. ಸಿಕ್ಕರೆ ಅದನ್ನೇ ತನ್ನಿ, ಇಲ್ಲದಿದ್ದರೆ ಯಾವ ಊರಿನದಾದರೂ ಆಗುತ್ತದೆ. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ತಕ್ಕ ಭಾರ ಇರಬೇಕು. ಹಗುರಾಗಿದ್ದರೆ ಒಳಗೆ ಬರೀ ಬೆಂಡು.

ಮೊದಲ ಸಲ ನಾನು ತೊಳೆಗಳನ್ನು ಪೊರೆ ಸಮೇತ ಮಿಕ್ಸಿಗೆ ಹಾಕಿದ್ದೆ. ಬೀಜವೂ ಒಂದೆರಡು ಸೇರಿತ್ತು. ರಸ ಎಷ್ಟು ಕಹಿಯಾಯಿತೆಂದರೆ, ಸಕ್ಕರೆ ಸುರಿದಷ್ಟೂ ಸಿಹಿಕಹಿ ಔಷಧಿಯಂತಾಯಿತೇ ಹೊರತು ಕಹಿ ಹೋಗಲಿಲ್ಲ. ಕಾರಣ ಆಮೇಲೆ ಓದಿ ತಿಳಿದೆ. ಚಕ್ಕೋತ ಮತ್ತು ಗ್ರೇಪ್‌ಫ್ರೂಟ್‌ನ ಕಹಿಗೆ ಮುಖ್ಯ ಕಾರಣ ನಾರಿಂಜಿನ್. ಅದು ಜಾಸ್ತಿ ಇರುವುದು ಬಿಳಿ ಬೆಂಡು ಮತ್ತು ತೊಳೆಯ ಪೊರೆಯಲ್ಲಿ. ಬೀಜದಿಂದ ಬರುವ ಲಿಮೊನಿನ್ ಕಹಿ ಇನ್ನೊಂದು ಬಗೆ. ಅದು ಹಿಂಡಿದ ಕೂಡಲೇ ಗೊತ್ತಾಗುವುದಿಲ್ಲ, ರಸ ನಿಂತಂತೆ ನಿಧಾನಕ್ಕೆ ಹೊರಬರುತ್ತದೆ.

ನಮ್ಮ ಚಿಕ್ಕಮ್ಮ ಮಕ್ಕಳಿಗೆ ಚಕ್ಕೋತ ಕೊಡುವಾಗ ಒಂದೊಂದು ತೊಳೆಯ ಪೊರೆಯನ್ನೂ ಬಿಡಿಸಿ, ಬೀಜ ತೆಗೆದು, ಒಳಗಿನ ರಸದ ಕಾಳುಗಳನ್ನು ಮಾತ್ರ ತಟ್ಟೆಗೆ ಹಾಕುತ್ತಿದ್ದರು. ಈ ಡ್ರಿಂಕ್‌ಗೂ ಅದೇ ಸರಿಯಾದ ವಿಧಾನ. ಬಿಡಿಸಿದ ಕಾಳುಗಳನ್ನು ಟೀ ಸೋಸುವ ಜಾಲರಿಗೆ ಹಾಕಿ ಚಮಚದ ಬೆನ್ನಿನಿಂದ ಒತ್ತಿ. ಹೊತ್ತು ಹಿಡಿಯುತ್ತದೆ, ಆದರೆ ರಸ ತಿಳಿಯಾಗಿ, ಹದವಾದ ಕಹಿಯೊಂದಿಗೆ ಬರುತ್ತದೆ. ಆ ಚೂರು ಕಹಿ ಇರಲೇಬೇಕು. ಅದಿಲ್ಲದಿದ್ದರೆ ಇದು ಬರೀ ಕಿತ್ತಳೆ ಶರಬತ್ತಿನಂತೆ ಆಗಿಬಿಡುತ್ತದೆ.

ಹುಳಿ–ಸಿಹಿ ಲೆಕ್ಕ

ಸ್ಥೂಲವಾಗಿ ನೆನಪಿಡಲು: ನಿಂಬೆರಸದಲ್ಲಿ ಹುಳಿ ಆಮ್ಲ ಶೇ. 6ರಷ್ಟು, ಗ್ರೇಪ್‌ಫ್ರೂಟ್‌ನಲ್ಲಿ ಶೇ. 2ರಷ್ಟು, ಕಿತ್ತಳೆಯಲ್ಲಿ ಶೇ. 1ಕ್ಕಿಂತ ತುಸು ಕಡಿಮೆ. ಚಕ್ಕೋತ ಗ್ರೇಪ್‌ಫ್ರೂಟ್‌ಗಿಂತ ಸಪ್ಪೆ. ಹಾಗಾಗಿ ಗ್ರೇಪ್‌ಫ್ರೂಟ್ ಬದಲು ಚಕ್ಕೋತ ಹಾಕಿದರೆ ನಿಂಬೆರಸ ಹೆಚ್ಚಿಸಲೇಬೇಕು. ಹಣ್ಣು ಬದಲಾದಾಗಲೆಲ್ಲ ಈ ಪ್ರಶ್ನೆ ಕೇಳಿಕೊಳ್ಳಿ: ಈ ಹಣ್ಣು ಎಷ್ಟು ಹುಳಿ ತರುತ್ತದೆ, ಉಳಿದದ್ದನ್ನು ನಿಂಬೆಯಿಂದ ಎಷ್ಟು ತುಂಬಬೇಕು?

ನಾನು ಕೊನೆಗೆ ಬಂದು ನಿಂತಿರುವ ಅಳತೆ ಒಂದು ಗ್ಲಾಸಿಗೆ ಇದು. ಟಕೀಲಾ 45 ಎಂ.ಎಲ್., ಚಕ್ಕೋತ ರಸ 60, ನಿಂಬೆರಸ 15, ಸಕ್ಕರೆ ಸಿರಪ್ 15, ಸಾದಾ ಸೋಡಾ 60, ಜೊತೆಗೆ ಉಪ್ಪು. ಒಟ್ಟು 195 ಎಂ.ಎಲ್. ಸಿರಪ್‌ಗೆ 100 ಗ್ರಾಂ ಸಕ್ಕರೆ, 100 ಗ್ರಾಂ ನೀರು, ತೂಕದಲ್ಲಿ ಸಮ. ಎಳೆಪಾಕ ಬೇಡ, ಬಿಸಿನೀರಿನಲ್ಲಿ ಸಕ್ಕರೆ ಕರಗಿದರೆ ಮುಗಿಯಿತು. ಆರಿದ ಮೇಲೆ ಬಳಸಿ. ಹೀಗೆ ಮಾಡಿದ 15 ಎಂ.ಎಲ್. ಸಿರಪ್‌ನಲ್ಲಿ ಸುಮಾರು 9 ಗ್ರಾಂ ಸಕ್ಕರೆ ಇರುತ್ತದೆ.

ಶೇ. 40ರ ಟಕೀಲಾ ಆದರೆ 45 ಎಂ.ಎಲ್.ನಲ್ಲಿ ಶುದ್ಧ ಆಲ್ಕೋಹಾಲ್ 18 ಎಂ.ಎಲ್. ಗ್ಲಾಸ್ ಪೂರ್ತಿ ಲೆಕ್ಕ ಹಾಕಿದರೆ ಶೇ. 9ರಷ್ಟು. ಅಂದರೆ ಸಾಮಾನ್ಯ ಬಿಯರ್‌ಗಿಂತ ಗಟ್ಟಿ. ಹಣ್ಣಿನ ರುಚಿಯಲ್ಲಿ ಇದು ಗೊತ್ತೇ ಆಗುವುದಿಲ್ಲ, ಅದಕ್ಕೇ ಕಣ್ಣಳತೆಯಲ್ಲಿ ಸುರಿಯಬಾರದು. ಪೆಗ್ ಮೆಷರ್ ಇಲ್ಲದಿದ್ದರೆ ಕೆಮ್ಮಿನ ಸಿರಪ್ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಸಾಕು, ಚೆನ್ನಾಗಿ ತೊಳೆದುಕೊಳ್ಳಿ.

ಉಪ್ಪು ಯಾಕೆ? ನಿಂಬೆಹಣ್ಣಿನ ಶರಬತ್ತಿಗೆ ಅಮ್ಮಂದಿರು ಚಿಟಿಕೆ ಉಪ್ಪು ಹಾಕುತ್ತಾರಲ್ವಾ, ಅದೇ ಕಾರಣಕ್ಕೆ. ಉಪ್ಪು ಕಹಿಯನ್ನು ಅಡಗಿಸುತ್ತದೆ. ಕಹಿ ತಗ್ಗಿದಾಗ ಸಿಹಿ ಮತ್ತು ಹಣ್ಣಿನ ಪರಿಮಳ ಮುಂದೆ ಬರುತ್ತವೆ. ಚಿಟಿಕೆ ಅನ್ನುವುದು ಒಬ್ಬೊಬ್ಬರ ಕೈಗೆ ಒಂದೊಂದು ಥರ. ಅದಕ್ಕೆ 80 ಗ್ರಾಂ ನೀರಿಗೆ 20 ಗ್ರಾಂ ಉಪ್ಪು ಕರಗಿಸಿ ಸಣ್ಣ ಡ್ರಾಪರ್ ಬಾಟಲಿಯಲ್ಲಿ ಇಟ್ಟುಕೊಳ್ಳಿ. ಗ್ಲಾಸಿಗೆ ಐದು ಹನಿಯಿಂದ ಶುರು ಮಾಡಿ.

ಒಂದು ಅಭ್ಯಾಸ ಮಾಡಿ ನೋಡಿ, ಟಕೀಲಾ ಬೇಕಾಗಿಲ್ಲ. ನಾಲ್ಕು ಸಣ್ಣ ಲೋಟಗಳಲ್ಲಿ ತಲಾ 30 ಎಂ.ಎಲ್. ಚಕ್ಕೋತ ರಸ ತೆಗೆದುಕೊಳ್ಳಿ. ಮೊದಲನೆಯದು ಹಾಗೇ ಇರಲಿ. ಎರಡನೆಯದಕ್ಕೆ ಅರ್ಧ ಟೀ ಚಮಚ ನಿಂಬೆರಸ, ಮೂರನೆಯದಕ್ಕೆ ಒಂದು ಟೀ ಚಮಚ ಸಿರಪ್, ನಾಲ್ಕನೆಯದಕ್ಕೆ ಎರಡು ಹನಿ ಉಪ್ಪುನೀರು. ಸಾಲಾಗಿ ರುಚಿ ನೋಡಿ. ನಾಲ್ಕನೆಯ ಲೋಟದಲ್ಲಿ ಆಗುವ ಬದಲಾವಣೆ ನನಗೆ ಇವತ್ತಿಗೂ ಆಶ್ಚರ್ಯ. ಉಪ್ಪಿನ ರುಚಿಯೇ ಇಲ್ಲ, ಆದರೆ ಹಣ್ಣು ಹೆಚ್ಚು ಮಾಗಿದಂತೆ ಅನ್ನಿಸುತ್ತದೆ.

ಐಸ್

ಐಸ್ ಕಡಿಮೆ ಹಾಕಿದರೆ ಡ್ರಿಂಕ್ ನೀರಾಗುವುದಿಲ್ಲ ಅನ್ನುವುದು ಬಹಳ ಜನರ ನಂಬಿಕೆ. ನಿಜ ಬೇರೆ. ಒಂದು ಗ್ರಾಂ ಐಸ್ ಕರಗುವಾಗ ಸುಮಾರು 80 ಕ್ಯಾಲೊರಿ ಶಾಖ ಹೀರುತ್ತದೆ. ತಂಪು ಬರುವುದೇ ಈ ಕರಗುವಿಕೆಯಿಂದ. ನಮ್ಮ 195 ಎಂ.ಎಲ್. ಪಾನೀಯವನ್ನು ನೀರು ಅಂತಲೇ ಎಣಿಸೋಣ. 25 ಡಿಗ್ರಿಯಿಂದ 0 ಡಿಗ್ರಿಗೆ ಇಳಿಸಲು 195 ಗುಣಿಸು 25, ಭಾಗಿಸು 80. ಸುಮಾರು 61 ಗ್ರಾಂ ಐಸ್ ಕರಗಬೇಕು. ಅದೇ ಸಾಮಾನೆಲ್ಲ ಫ್ರಿಜ್‌ನಲ್ಲಿದ್ದು 5 ಡಿಗ್ರಿಯಲ್ಲಿ ಇದ್ದರೆ? ಬರೀ 12 ಗ್ರಾಂ. ಐಸ್ ತುಂಡುಗಳ ಸಂಖ್ಯೆ ಇಲ್ಲಿ ಎಲ್ಲೂ ಬರಲಿಲ್ಲ, ನೋಡಿ. ಹಾಗಾಗಿ ರಸ, ಸೋಡಾ, ಟಕೀಲಾ, ಗ್ಲಾಸ್ ಎಲ್ಲವನ್ನೂ ಮೊದಲೇ ತಣ್ಣಗೆ ಮಾಡಿ. ಐಸನ್ನು ಗ್ಲಾಸಿನ ಬಾಯಿವರೆಗೂ ತುಂಬಿ. ನಾಲ್ಕು ತುಂಡು ಹಾಕಿದರೆ ನಾಲ್ಕೂ ಕರಗಿ ಹೋಗಿ ಡ್ರಿಂಕ್ ಮತ್ತೆ ಬಿಸಿಯಾಗುತ್ತದೆ. ಸೋಡಾದ ಗ್ಯಾಸ್ ಕೂಡ ತಂಪಿನಲ್ಲೇ ಹೆಚ್ಚು ಹೊತ್ತು ನಿಲ್ಲುತ್ತದೆ.

ಬೆರೆಸುವುದು

ಗ್ಲಾಸಿನ ಅಂಚಿನ ಅರ್ಧ ಭಾಗಕ್ಕೆ ಮಾತ್ರ ನಿಂಬೆ ಸವರಿ ಉಪ್ಪು ಹಚ್ಚಿ. ಪೂರ್ತಿ ಹಚ್ಚಿದರೆ ಪ್ರತಿ ಗುಟುಕೂ ಉಪ್ಪುಪ್ಪು. ಮೆಕ್ಸಿಕೊದಲ್ಲಿ ಹಣ್ಣಿಗೆ ಮೆಣಸಿನಪುಡಿ, ಉಪ್ಪು, ನಿಂಬೆ ಹಾಕಿ ತಿನ್ನುವುದು ದಿನನಿತ್ಯದ ಅಭ್ಯಾಸ. ಸೀಬೆಹಣ್ಣಿಗೆ ಉಪ್ಪುಖಾರ ಹಚ್ಚಿ ಬೆಳೆದ ನಮಗೆ ಅದನ್ನು ವಿವರಿಸಬೇಕಾಗಿಲ್ಲ. ಉಪ್ಪಿಗೆ ಸ್ವಲ್ಪ ಬ್ಯಾಡಗಿ ಪುಡಿ ಬೆರೆಸಿ. ಬಣ್ಣ ಗಾಢ, ಖಾರ ಕಡಿಮೆ.

ಟಕೀಲಾ, ಎರಡೂ ರಸ, ಸಿರಪ್, ಉಪ್ಪುನೀರು ಗ್ಲಾಸಿಗೆ ಹಾಕಿ ಕಲಕಿ. ಐಸ್ ತುಂಬಿ. ಸೋಡಾವನ್ನು ಕೊನೆಯಲ್ಲಿ ನಿಧಾನಕ್ಕೆ ಸುರಿದು, ಚಮಚವನ್ನು ತಳಕ್ಕಿಳಿಸಿ ಒಂದೇ ಸಲ ಮೇಲಕ್ಕೆತ್ತಿ. ಜೋರಾಗಿ ತಿರುಗಿಸಿದರೆ ಗ್ಯಾಸ್ ಹೋಗುತ್ತದೆ.

ಇದು ಕೈಗೆ ಹತ್ತಿದ ಮೇಲೆ ಹಲಿಸ್ಕೊದ ಕಾಂತರಿತೊ ಮಾಡಿ. ಚಕ್ಕೋತದ ಅರ್ಧ ಭಾಗ ಕಿತ್ತಳೆ ರಸಕ್ಕೆ ಬಿಟ್ಟುಕೊಟ್ಟರೆ ಸಾಕು, ಉಳಿದದ್ದು ಹಾಗೆಯೇ. ಅಲ್ಲಿ ಅದನ್ನು ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಾರೆ. ಕುಡಿಕೆಯನ್ನು ಮೊದಲೇ ನೀರಿನಲ್ಲಿ ನೆನೆಸಿಟ್ಟರೆ ಅದರ ಮೈಯಿಂದ ನೀರು ಆವಿಯಾಗುತ್ತಾ ತಂಪು ಹಿಡಿಯುತ್ತದೆ, ನಮ್ಮ ಮಣ್ಣಿನ ಹೂಜಿಯ ಹಾಗೆ. ಹಸಿಮಣ್ಣಿನ ವಾಸನೆ ಕಿತ್ತಳೆಯ ಜೊತೆ ಸೇರಿದಾಗ ಬಹಳ ಚೆನ್ನಾಗಿರುತ್ತದೆ.

ಎರಡು ಎಚ್ಚರಿಕೆ

ಮಾತ್ರೆ ತೆಗೆದುಕೊಳ್ಳುವವರು ಇದನ್ನು ದಯವಿಟ್ಟು ಗಮನವಿಟ್ಟು ಓದಿ. 1989ರ ಸುಮಾರಿಗೆ ಕೆನಡಾದ ಸಂಶೋಧಕರು ಫೆಲೊಡಿಪಿನ್ ಅನ್ನುವ ಬಿ.ಪಿ. ಮಾತ್ರೆಯ ಮೇಲೆ ಆಲ್ಕೋಹಾಲ್ ಏನು ಮಾಡುತ್ತದೆ ಅಂತ ನೋಡುತ್ತಿದ್ದರು. ಆಲ್ಕೋಹಾಲ್ ರುಚಿ ಗೊತ್ತಾಗದಿರಲಿ ಅಂತ ಗ್ರೇಪ್‌ಫ್ರೂಟ್ ರಸ ಬೆರೆಸಿದ್ದರು. ರಕ್ತದಲ್ಲಿ ಔಷಧದ ಮಟ್ಟ ಅವರು ಎಣಿಸಿದ್ದಕ್ಕಿಂತ ಬಹಳ ಜಾಸ್ತಿ ಬಂತು. ಕಾರಣ ಹಣ್ಣು. ಕರುಳಿನಲ್ಲಿ ಔಷಧವನ್ನು ಒಡೆಯುವ ಒಂದು ಕಿಣ್ವವನ್ನು ಅದರಲ್ಲಿರುವ ಫ್ಯೂರನೊಕೌಮರಿನ್‌ಗಳು ನಿಲ್ಲಿಸಿಬಿಡುತ್ತವೆ. ಚಕ್ಕೋತದಲ್ಲೂ ಇವು ಇವೆ. ಕೊಲೆಸ್ಟರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಕೂಡ ಈ ಪಟ್ಟಿಯಲ್ಲಿವೆ. ಪರಿಣಾಮ ಒಂದು ದಿನಕ್ಕಿಂತ ಹೆಚ್ಚು ಇರಬಹುದು, ಆದ್ದರಿಂದ ಬೆಳಗ್ಗೆ ಮಾತ್ರೆ, ರಾತ್ರಿ ಪಲೋಮ ಅನ್ನುವ ಉಪಾಯ ಕೆಲಸ ಮಾಡುವುದಿಲ್ಲ. ವೈದ್ಯರನ್ನು ಕೇಳದೆ ಕುಡಿಯಬೇಡಿ, ಅತಿಥಿಗಳನ್ನೂ ಮೊದಲೇ ಕೇಳಿ.

ಇನ್ನೊಂದು, ಬಿಸಿಲಲ್ಲಿ ಕೂತು ನಿಂಬೆ ಹಿಂಡಬೇಡಿ. ನಿಂಬೆರಸ ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಒಂದೆರಡು ದಿನದಲ್ಲಿ ಸುಟ್ಟಂಥ ಗುಳ್ಳೆ ಏಳಬಹುದು. ಒಳಗೆ ಹಿಂಡಿ, ಸೋಪು ಹಾಕಿ ಕೈ ತೊಳೆದು ಆಮೇಲೆ ಟೆರೇಸಿಗೆ ಹೋಗಿ.

ಗಾಡಿ ಓಡಿಸುವವರಿಗೆ, ಕುಡಿಯದವರಿಗೆ ಟಕೀಲಾ ಇಲ್ಲದ್ದನ್ನು ಬೇರೆಯಾಗಿ ಮಾಡಿ. ಸುಮ್ನೆ ಟಕೀಲಾ ಬಿಟ್ಟುಬಿಟ್ಟರೆ ಡ್ರಿಂಕ್ ತೀರಾ ಸಿಹಿಯಾಗುತ್ತದೆ, ಗಂಟಲಿಗೆ ತಾಗುವ ಆ ಖಾರವೂ ಇರುವುದಿಲ್ಲ. ಸಿರಪ್ 10 ಎಂ.ಎಲ್.ಗೆ ಇಳಿಸಿ, ಒಂದು ಟೀ ಚಮಚ ಶುಂಠಿ ರಸ ಸೇರಿಸಿ, ಸೋಡಾ 100ಕ್ಕೆ ಏರಿಸಿ. ಅದೇ ಗ್ಲಾಸ್, ಅದೇ ಉಪ್ಪುಖಾರದ ಅಂಚು.